ಅಳದವಳ ಸಾಕ್ಷಿ

ಮಾರ್ಚ್ ೯

ಅಮ್ಮ,

ಕಾಗದದ ಮೊದಲ ಸಾಲಿನಲ್ಲಿ ಕ್ಷೇಮಸಮಾಚಾರ ಇರಬೇಕು ಎಂದು ಕಲಿಸಿದವಳು ನೀನು. ಇವತ್ತು ಅದಕ್ಕೆ ಕೈ ಬರುತ್ತಿಲ್ಲ. ನೇರವಾಗಿ ಹೇಳುತ್ತೇನೆ. ಪುಟ್ಟಿಯ ಕೊಲೆ ಕೇಸಿನಲ್ಲಿ ಅವಳ ಗಂಡ, ಮೇಷ್ಟ್ರು, ನಿರ್ದೋಷಿ ಎಂದು ಇವತ್ತು ತೀರ್ಪಾಯಿತು.

ಫೋನ್ ಮಾಡಬಹುದಿತ್ತು. ಆದರೆ ಈ ಎರಡು ವರ್ಷದಲ್ಲಿ ನಿನ್ನ ಕಿವಿ ಮಂದವಾಗಿದೆ. ನಾನು ಕಿರುಚಿದ್ದನ್ನು ಅಣ್ಣ ನಿನಗೆ ದಾಟಿಸಬೇಕು, ದಾಟಿಸುವಾಗ ಅರ್ಧ ನುಂಗುತ್ತಾನೆ. ಅವನಿಗೆ ಯಾವಾಗಲೂ ಮರ್ಯಾದೆಯದೇ ಚಿಂತೆ. ಅದಕ್ಕೇ ಕಾಗದ. ನೀನೇ ಓದಿಕೋ.

ಜಡ್ಜ್ ಸಾಹೇಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೊನೆಯ ಪುಟಗಳನ್ನು ಮಾತ್ರ ಓದಿದರು. ಮೇಲೆ ಫ್ಯಾನ್ ಕಿರುಗುಟ್ಟುತ್ತಿತ್ತು, ಅರ್ಧ ಕೇಳಿಸಲಿಲ್ಲ. ಕೇಳಿಸಿದ್ದು ಇಷ್ಟು. ಮೇಷ್ಟ್ರು ಆಸ್ಪತ್ರೆಯ ಬಾಗಿಲಲ್ಲಿ ಕುಸಿದು ಬಿದ್ದು ಗೋಳೋ ಎಂದು ಅತ್ತರಂತೆ, ಅದು ಹೆಂಡತಿಯನ್ನು ಪ್ರೀತಿಸುವ ಗಂಡನ ಸಹಜ ನಡವಳಿಕೆಯಂತೆ. ನಾನು ಅಳಲಿಲ್ಲ, ಮೇಲಾಗಿ ಪುಟ್ಟಿ ಸತ್ತು ಬಿದ್ದಿರುವಾಗಲೇ ನಮ್ಮ ಬೇಕರಿಯ ಭಟ್ಟಿಯಿಂದ ಬ್ರೆಡ್ಡಿನ ಟ್ರೇಗಳನ್ನು ಹೊರಗೆ ತೆಗೆದೆ, ಅದು ಒಡಹುಟ್ಟಿದವಳ ಸಹಜ ನಡವಳಿಕೆಯಲ್ಲವಂತೆ. ಆದ್ದರಿಂದ ನನ್ನ ಸಾಕ್ಷಿ ನಂಬಲು ಯೋಗ್ಯವಲ್ಲ. ನನ್ನನ್ನು ಬಿಟ್ಟರೆ ನೋಡಿದವರು ಬೇರೆ ಯಾರೂ ಇಲ್ಲ. ಅಲ್ಲಿಗೆ ಮುಗಿಯಿತು.

"ಅಳೋ ಗಂಡಸನ್ನ ನಂಬಬೇಡಿ ಕಣ್ರೇ" ಅಂತ ನಮ್ಮಿಬ್ಬರಿಗೂ ತಲೆ ಬಾಚುವಾಗ ನೀನು ಹೇಳುತ್ತಿದ್ದೆ. ಜಡ್ಜ್ ಸಾಹೇಬರಿಗೆ ಅವರ ಅಮ್ಮ ಹೇಳಿರಲಿಲ್ಲ ಅಂತ ಕಾಣುತ್ತೆ.

ಹೊರಗೆ ಮೇಷ್ಟ್ರ ಶಿಷ್ಯರು ಸಾಲಾಗಿ ನಿಂತು ಕೈ ಕುಲುಕಿದರು. ಮೇಷ್ಟ್ರು ಅಲ್ಲಿಯೂ ಅತ್ತರು. ಇಸ್ತ್ರಿ ಮಾಡಿದ ಕರವಸ್ತ್ರ ತಂದಿದ್ದರು. ನಾನು ಬೇಕರಿಗೆ ಬಂದು ನಾಳೆಯ ಹಿಟ್ಟು ನಾದಿಟ್ಟೆ. ಬೇಕಿದ್ದರೆ ಇದನ್ನೂ ಯಾರಾದರೂ ಬರೆದುಕೊಳ್ಳಲಿ.

ನಿನ್ನ ದೊಡ್ಡವಳು


ಏಪ್ರಿಲ್ ೪

ಅಮ್ಮ,

ನಿನ್ನಿಂದ ಉತ್ತರವಿಲ್ಲ. ಅಂಚೆಯವನು ಬಂದಾಗಲೆಲ್ಲ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸದೆ ಗಂಟೆ ಮಾತ್ರ ಬಾರಿಸಿ ಹೋಗುತ್ತಾನೆ. ಅವನಿಗೂ ನನ್ನ ಮುಖ ನೋಡಲು ಸಂಕೋಚ.

ತೀರ್ಪಿನ ಪ್ರತಿ ಸಿಕ್ಕಿತು. ಅಣ್ಣನಿಗೂ ಒಂದು ಕಳಿಸಿದ್ದೇನೆ. ಪುಟ್ಟಿ ಹೊಡೆತಕ್ಕೆ ಊದಿದ ಮುಖ ಹೊತ್ತುಕೊಂಡು ನನ್ನ ಹತ್ತಿರ ಓಡಿ ಬಂದದ್ದು ಅದರಲ್ಲಿ "ಸಂಸಾರದಲ್ಲಿ ಬರುವ ಸಣ್ಣಪುಟ್ಟ ವಿರಸ". ಮೇಷ್ಟ್ರು "ನೂರಾರು ವಿದ್ಯಾರ್ಥಿಗಳ ಗೌರವಕ್ಕೆ ಪಾತ್ರರಾದವರು". ನಾನು "ಮದುವೆಯಾಗದೆ ಉಳಿದು, ವ್ಯಾಪಾರದಲ್ಲಿ ಮನಸ್ಸು ಗಡುಸಾದ ಹೆಂಗಸು". ಮೂವತ್ತು ಪುಟದಲ್ಲಿ ಪುಟ್ಟಿಯ ಬಗ್ಗೆ ಒಂದು ಒಳ್ಳೆಯ ಮಾತೂ ಇಲ್ಲ, ಕೆಟ್ಟ ಮಾತೂ ಇಲ್ಲ. ಅವಳಿಗೂ ಈ ಕೇಸಿಗೂ ಸಂಬಂಧವೇ ಇಲ್ಲವೇನೋ ಅನ್ನುವ ಹಾಗಿದೆ.

ಒಂದು ಫೋಟೋದ ವಿಷಯಕ್ಕೇ ಎರಡು ಪುಟ ಬರೆದಿದ್ದಾರೆ. ಪೊಲೀಸರು ತೆಗೆದದ್ದು. ಹಿಂದಿನ ಕೋಣೆಯ ಹಲಗೆಯ ಮೇಲೆ ಬ್ರೆಡ್ಡುಗಳು ಸಾಲಾಗಿ ಆರುತ್ತಿವೆ, ಒಂದೂ ಸೀದಿಲ್ಲ. ಅದೇ ನನ್ನ ಕಲ್ಲುಮನಸ್ಸಿಗೆ ಪುರಾವೆ. ಫೋಟೋ ತೆಗೆದ ಮೇಲೆ ಆ ಬ್ರೆಡ್ಡನ್ನು ಚಹಾದಲ್ಲಿ ಅದ್ದಿಕೊಂಡು ತಿಂದವರು ಆ ಪೊಲೀಸರೇ. ಅದು ಮಾತ್ರ ಸಹಜ ನಡವಳಿಕೆ.

ಕೊನೆಯಲ್ಲಿ ಒಂದು ಸಾಲಿದೆ: "ಬೇರೆ ಸಾಧ್ಯತೆಗಳನ್ನು ತಳ್ಳಿಹಾಕುವಂತಿಲ್ಲ." ಬೇಕರಿಯಲ್ಲಿ ಆಗ ಇದ್ದವರು ನಾವು ಮೂವರು. ಒಬ್ಬಳು ಸತ್ತಳು, ಒಬ್ಬ ನಿರ್ದೋಷಿ. ಉಳಿದ ಸಾಧ್ಯತೆ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಬ್ರೆಡ್ ಕೊಳ್ಳಲು ಬರುವವರಿಗೂ ಅದು ಅರ್ಥವಾಗಿದೆ. ಚಿಲ್ಲರೆಯನ್ನು ನನ್ನ ಕೈಗೆ ಕೊಡದೆ ಗಾಜಿನ ಮೇಲೆ ಇಟ್ಟು ಹೋಗುತ್ತಾರೆ.

ಎರಡು ಸಾಲಾದರೂ ಬರಿ.

ದೊಡ್ಡವಳು


ಮೇ ೨೧

ದೊಡ್ಡವಳಿಗೆ ಅಮ್ಮ ಬರೆಯುವುದು.

ಬರೆಯಲು ತಡವಾಯಿತು. ಕಣ್ಣಿನ ತೊಂದರೆ ಎಂದು ಹೇಳಬಹುದು, ಆದರೆ ಕಣ್ಣು ಚೆನ್ನಾಗಿಯೇ ಇದೆ.

ನಿಮ್ಮಣ್ಣ ತೀರ್ಪನ್ನು ನನ್ನ ಮುಂದೆ ಕುರ್ಚಿ ಹಾಕಿಕೊಂಡು ಪೂರ್ತಿ ಓದಿದ. ಓದಿ ಮುಗಿಸಿ, "ಆದದ್ದಾಯ್ತು ಅಮ್ಮ, ಇನ್ನು ಕೆದಕಬೇಡಿ. ಕೆದಕಿದಷ್ಟೂ ನಮ್ಮ ಮನೆ ಹೆಸರೇ ಬೀದೀಲಿ" ಅಂದ. ಮೇಷ್ಟ್ರು ಒಳ್ಳೆಯವರು ಎಂದು ನಾನು ಯಾವತ್ತೂ ನಂಬಿದವಳಲ್ಲ. ಊಟಕ್ಕೆ ಕೂತರೆ ಪುಟ್ಟಿಯ ಮುಖ ನೋಡದೆ ತಟ್ಟೆ ಮುಂದೆ ತಳ್ಳುತ್ತಿದ್ದವರು ಅವರು.

ಆದರೆ ಒಂದು ಮಾತು ಉಳಿದಿದೆ. ಕೇಳಿಬಿಡುತ್ತೇನೆ. ಬ್ರೆಡ್ ಯಾಕೆ ತೆಗೆದೆ? ತಂಗಿ ಹಾಗೆ ಬಿದ್ದಿರುವಾಗ ಅದು ನಿನಗೆ ನೆನಪಾದರೂ ಹೇಗಾಯಿತು? ನಿಮ್ಮಿಬ್ಬರಿಗೂ ಹಿಂದಿನ ದಿನ ಏನಾದರೂ ಮಾತು ಬೆಳೆದಿತ್ತೇ?

ನಿನ್ನ ಮೇಲೆ ಅನುಮಾನ ಎಂದು ತಿಳಿಯಬೇಡ. ಹೆತ್ತ ಕರುಳು, ಕೇಳದೆ ಇರಲಾರದು.

ಅಮ್ಮ


ಮೇ ೨೭

ಅಮ್ಮ,

ಅನುಮಾನವಲ್ಲದಿದ್ದರೆ ಅದಕ್ಕೆ ಹೆಸರೇನು? ಜಡ್ಜ್ ಕೇಳಿದಾಗ ಮೈ ಉರಿದಿತ್ತು. ನೀನು ಕೇಳಿದ್ದನ್ನು ಓದಿ ಅಂಗಡಿಯ ಬಾಗಿಲು ಎಳೆದುಕೊಂಡೆ. ಕೋರ್ಟು ನಂಬದಿದ್ದರೆ ಇನ್ನೊಂದು ಕೋರ್ಟಿದೆ. ನೀನು ನಂಬದಿದ್ದರೆ ನಾನು ಎಲ್ಲಿಗೆ ಹೋಗಲಿ?

ಕೇಳಿದ್ದೀಯ, ಹೇಳುತ್ತೇನೆ. ಹಿಟ್ಟಿನ ಧೂಳಿಗೆ ನಿನಗೆ ಉಬ್ಬಸ ಬರುತ್ತಿತ್ತು, ನೀನು ಹಿಂದಿನ ಕೋಣೆಗೆ ಕಾಲಿಟ್ಟವಳೇ ಅಲ್ಲ. ಅಲ್ಲಿ ಅಪ್ಪನ ಕಾನೂನು ಏನಿತ್ತು ಎಂದು ನಿನಗೆ ಗೊತ್ತಿಲ್ಲ. "ಭೂಮಿ ಬಾಯಿಬಿಟ್ರೂ ಮೊದಲು ಭಟ್ಟಿ. ಒಳಗಿರೋದು ಹೊರಗೆ ಬರಬೇಕು, ಬಾಗಿಲು ಮುಚ್ಚಬೇಕು, ಆಮೇಲೆ ಓಡು." ನಾವು ಹುಟ್ಟುವ ಮೊದಲು ಯಾರೋ ಭಟ್ಟಿ ಮರೆತು ಹೋಗಿ ಈ ಬೀದಿಯ ಒಂದು ಸಾಲೇ ಸುಟ್ಟುಹೋಗಿತ್ತಂತೆ. ನನಗೆ ಜ್ವರ ಬಂದು ತಲೆ ಸುತ್ತಿದರೂ, ಅಪ್ಪ ಮೇಲಿನ ಕೋಣೆಯಿಂದ ಕೂಗಿ ಕರೆದರೂ, ಮೊದಲು ಟ್ರೇ. ಇಪ್ಪತ್ತು ವರ್ಷ ದಿನಾ ಮಾಡಿದ ಕೆಲಸ. ಅದು ಕೈ ಮಾಡುವ ಕೆಲಸ ಅಮ್ಮ, ಮನಸ್ಸನ್ನು ಕೇಳಿ ಮಾಡುವುದಲ್ಲ.

ಅವತ್ತು ಬೆಳಗಿನ ಜಾವ. ನಾನು ಒಳಗೆ ಭಟ್ಟಿಯ ಮುಂದೆ, ಅವಳು ಮುಂದಿನ ಅಂಗಡಿಯಲ್ಲಿ ಬನ್ನು ಜೋಡಿಸುತ್ತಿದ್ದಳು. ಮೇಷ್ಟ್ರು ಬಂದರು. "ಮನೆಗೆ ನಡಿ" ಅಂದದ್ದು ಕೇಳಿಸಿತು. "ಬರಲ್ಲ ಅಂದ್ನಲ್ಲ. ಹಿಟ್ಟಿನ ಕೈ, ಹತ್ತಿರ ಬರಬೇಡಿ, ಕೋಟು ಕೊಳೆಯಾಗುತ್ತೆ" ಅಂದಳು. ತಮಾಷೆಯ ದನಿಯಲ್ಲೇ ಅಂದಳು, ನಿನಗೆ ಗೊತ್ತಲ್ಲ ಅವಳ ದನಿ. ಆಮೇಲೆ ಒಂದು ಸದ್ದು. ನಾನು ಬಾಗಿಲಿಗೆ ಬಂದಾಗ ಅವರ ಕೈಯಲ್ಲಿ ಬಾಗಿಲಿಗೆ ಅಡ್ಡ ಹಾಕುವ ಸರಳಿತ್ತು, ಅವಳು ಕೆಳಗಿದ್ದಳು. ನನ್ನ ಮುಖ ನೋಡಿದರು, ಸರಳು ಬಿಸಾಕಿ ಓಡಿದರು. ಆ ಸರಳನ್ನು ದಿನಾ ಎತ್ತಿಡುವವಳು ನಾನು, ಒಂದರ ಮೇಲೊಂದು ಕಲಸಿಹೋದ ಗುರುತುಗಳಲ್ಲಿ ಪೊಲೀಸರಿಗೆ ಸ್ಪಷ್ಟವಾಗಿ ಸಿಕ್ಕಿದ್ದು ನನ್ನ ಬೆರಳಿನದೇ.

ನಾನು ಅವಳ ಮೂಗಿನ ಹತ್ತಿರ ಕೈ ಹಿಡಿದೆ. ಎದೆಗೆ ಕಿವಿಯಿಟ್ಟೆ. ಅವಳು ಹೋಗಿದ್ದಳು ಅಮ್ಮ. ಅವಳು ಉಸಿರಾಡುತ್ತಿದ್ದರೆ ಬೇಕರಿಗೇ ಬೆಂಕಿ ಬಿದ್ದರೂ ನಾನು ಅವಳನ್ನು ಬಿಟ್ಟು ಏಳುತ್ತಿರಲಿಲ್ಲ. ಎದ್ದೆ. ಟ್ರೇಗಳನ್ನು ಎಳೆದೆ. ಭಟ್ಟಿಯ ಬಾಗಿಲು ಮುಚ್ಚಿದೆ. ಬೀದಿಗೆ ಹೋಗಿ ಕೂಗಿದೆ, ಜನ ಓಡಿ ಬಂದರು. ಮೇಷ್ಟ್ರು ಆ ಜನರ ಜೊತೆಯಲ್ಲೇ, ಈಗ ತಾನೇ ಬಂದವರ ಹಾಗೆ ಓಡಿ ಬಂದು ಅವಳನ್ನು ಎತ್ತಿಕೊಂಡರು.

ಬ್ರೆಡ್ಡಿನ ವಿಷಯ ಪೊಲೀಸರಿಗೆ ಹೇಳಿದವಳೂ ನಾನೇ. "ಒಂದೂ ಬಿಡದೆ ಕ್ರಮವಾಗಿ ಹೇಳಿ" ಅಂದರು, ಹೇಳಿದೆ. ಸರ್ಕಾರಿ ವಕೀಲರು ಆಮೇಲೆ ತಲೆ ಚಚ್ಚಿಕೊಂಡರು. "ಅದನ್ನ ಯಾಕ್ ಹೇಳಿದ್ರಿ? ಯಾರು ಕೇಳಿದ್ರು?" ಸುಳ್ಳು ಹೇಳುವವಳಾಗಿದ್ದರೆ ಮೊದಲು ಮುಚ್ಚಿಡುತ್ತಿದ್ದದ್ದು ಅದನ್ನೇ ಅಲ್ಲವೇ? ಇಷ್ಟು ಸಣ್ಣ ಮಾತು ಅಷ್ಟು ಓದಿದವರಿಗೆ ಹೊಳೆಯುವುದಿಲ್ಲವೇ?

ಹೌದು, ಹಿಂದಿನ ದಿನ ಜಗಳವಾಗಿತ್ತು. ಅವಳು ನನ್ನ ಬಾಚಣಿಗೆಯ ಹಲ್ಲು ಮುರಿದಿದ್ದಳು. ಅದಕ್ಕೆ ಬೈದಿದ್ದೆ. ಕೋರ್ಟಿಗೆ ತಿಳಿಸುತ್ತೀಯಾ?

ದೊಡ್ಡವಳು


ಜೂನ್ ೧೫

ದೊಡ್ಡವಳಿಗೆ,

ಅಷ್ಟು ಒತ್ತಿ ಬರೆದರೆ ಕಾಗದ ಹರಿಯುತ್ತದೆ. ಎರಡು ಕಡೆ ಹರಿದೇ ಇತ್ತು.

ಬಾಚಣಿಗೆಯ ಸಾಲು ಓದಿ ಎದ್ದು ಒಳಗೆ ಹೋದೆ. ಹೆಚ್ಚು ಬರೆಯಲಾರೆ.

ಮೇಲಿನ ಕೋರ್ಟಿಗೆ ಹೋಗುತ್ತೀಯ ಎಂದು ನಿಮ್ಮಣ್ಣ ಹೇಳಿದ, ಅವನಿಗೆ ಸಿಟ್ಟು. ಹೋಗು. ಆದರೆ ನನ್ನದೊಂದು ಮಾತು ಕೇಳು. ಅಲ್ಲಿ ಮುಂದಿನ ಬೆಂಚಿನಲ್ಲಿ ಕೂತುಕೋ. ಅಳು. ಎರಡು ಹನಿ ಕಣ್ಣೀರು ಹಾಕಿದರೆ ನಿನ್ನ ಗಂಟೇನು ಹೋಗುತ್ತದೆ? ನಿಜಕ್ಕೂ ಅಳು ಬರದಿದ್ದರೆ ಪುಟ್ಟಿಯನ್ನು ನೆನೆಸಿಕೋ. ಅವರಿಗೆ ಬೇಕಾದದ್ದು ಅದೇ ತಾನೇ, ಕೊಟ್ಟುಬಿಡು. ಚಿಕ್ಕವಳಿದ್ದಾಗ ಬಿದ್ದು ಮೊಣಕಾಲು ಒಡೆದುಕೊಂಡರೂ ಕಮಕ್ ಕಿಮಕ್ ಅನ್ನದೆ ಕೂರುತ್ತಿದ್ದವಳು ನೀನು. ಈಗಲಾದರೂ ಆ ಹಟ ಬಿಡು.

ಅಮ್ಮ


ಆಗಸ್ಟ್ ೧೮

ಅಮ್ಮ,

ನಿನ್ನ ಹಾಗೇ ಯೋಚಿಸುವವರು ಇನ್ನೊಬ್ಬರು ಸಿಕ್ಕಿದ್ದಾರೆ, ನನ್ನ ಹೊಸ ವಕೀಲರು. ಒಳ್ಳೆಯ ಮನುಷ್ಯ. ಮೇಜಿನ ಮೇಲೆ ಫೈಲುಗಳು ಗೋಡೆಯ ಹಾಗೆ ಎದ್ದಿವೆ, ಅದರ ಹಿಂದಿನಿಂದ ಅವರ ದನಿ ಮಾತ್ರ ಬರುತ್ತದೆ.

ಅವರು ಒಂದು ಪ್ರಮಾಣಪತ್ರ ಸಿದ್ಧ ಮಾಡಿದ್ದಾರೆ. ತಂಗಿಯನ್ನು ಆ ಸ್ಥಿತಿಯಲ್ಲಿ ನೋಡಿದ ಕೂಡಲೇ ನನಗೆ ಬುದ್ಧಿ ಭ್ರಮೆಯಾಯಿತು, ಏನು ಮಾಡುತ್ತಿದ್ದೇನೆ ಎಂಬ ಅರಿವೇ ಇರಲಿಲ್ಲ, ಆ ಭ್ರಮೆಯಲ್ಲೇ ಟ್ರೇ ತೆಗೆದೆ ಎಂದು ನಾನು ಸಹಿ ಹಾಕಬೇಕು. ಅದಕ್ಕೆ ಸರಿಯಾಗಿ ಒಬ್ಬ ಮನೋವೈದ್ಯರು ಸರ್ಟಿಫಿಕೇಟ್ ಕೊಡುತ್ತಾರಂತೆ.

"ಆದ್ರೆ ಭ್ರಮೆ ಆಗಿರಲಿಲ್ವಲ್ಲ ಸಾರ್" ಅಂದೆ.

"ಆಗಿತ್ತು ಅಂದ್ಕೊಳ್ಳೀಮ್ಮ. ಆಗ ನಿಮ್ಮ ನಡವಳಿಕೆ ಸಹಜ ಆಗುತ್ತೆ."

"ಭ್ರಮೆ ಬಂದವಳು ಮೇಷ್ಟ್ರ ಕೈಯಲ್ಲಿ ಸರಳು ನೋಡಿದ್ದು ಹೇಗೆ ನಿಜ ಅಂತ ಅವರು ಕೇಳಲ್ವಾ?"

ಫೈಲುಗಳ ಹಿಂದೆ ಪುಟ ತಿರುವಿದ ಸದ್ದಾಯಿತು. "ಕೇಳ್ತಾರೆ. ಅದನ್ನ ಆಮೇಲೆ ನೋಡ್ಕೊಳ್ಳೋಣ" ಅಂದರು.

ನೋಡಿದೆಯಾ, ಅತ್ತ ದರಿ ಇತ್ತ ಪುಲಿ. ತಲೆ ನೆಟ್ಟಗಿತ್ತು ಎಂದರೆ ನಾನು ಕಟುಕಿ, ತಲೆ ಕೆಟ್ಟಿತ್ತು ಎಂದರೆ ನನ್ನ ಕಣ್ಣು ಸುಳ್ಳು. ಯಾವ ಹಾದಿಯಲ್ಲಿ ಹೋದರೂ ಮೇಷ್ಟ್ರ ಮನೆಯ ಗೇಟು ತೆರೆದೇ ಇರುತ್ತದೆ. ನನಗೆ ಗೊತ್ತಿರುವ ನಿಜ ಒಂದೇ, ಅದನ್ನು ನಂಬಿಸಲು ಅದರ ಪಕ್ಕದಲ್ಲಿ ಒಂದು ಸುಳ್ಳನ್ನು ಕೂರಿಸಬೇಕು ಎನ್ನುತ್ತಾರೆ. ಹಿಟ್ಟು ನಾದುವಾಗ ಎಷ್ಟು ಗುದ್ದುತ್ತೇನೆಂದರೆ ಈ ನಡುವೆ ಬ್ರೆಡ್ ಬಹಳ ಮೆತ್ತಗೆ ಬರುತ್ತಿದೆ ಎಂದು ಇದ್ದಬದ್ದ ಗಿರಾಕಿಗಳು ಹೊಗಳುತ್ತಾರೆ.

ಆದರೂ ಪುಟ್ಟಿಗಾಗಿ ಸಹಿ ಹಾಕಬೇಕೇನೋ. ನನ್ನ ಹಟದಿಂದ ಅವಳ ಕೇಸು ಬಿದ್ದರೆ? ಇದೊಂದನ್ನು ನೀನು ಹೇಳು. ನೀನು ಹಾಕು ಎಂದರೆ ಕಣ್ಣು ಮುಚ್ಚಿ ಹಾಕುತ್ತೇನೆ. ಮುಂದಿನ ತಿಂಗಳ ಕೊನೆಯವರೆಗೂ ಸಮಯ ಇದೆ.

ದೊಡ್ಡವಳು


ಸೆಪ್ಟೆಂಬರ್ ೧೨

ಮಗಳೇ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಹೇಗೆ ಬಂದರೆ ಹಾಗೆ ಕಳಿಸುತ್ತೇನೆ.

ಅವತ್ತು ನನಗೆ ಫೋನ್ ಮಾಡಿದವಳು ನೀನೇ. "ಅಮ್ಮ, ಪುಟ್ಟಿ ಹೋದಳು, ಮೇಷ್ಟ್ರು ಹೊಡೆದ್ರು" ಅಂದೆ. ಆಗ ನನ್ನ ಕಿವಿ ಚೆನ್ನಾಗಿತ್ತು, ಒಂದೊಂದು ಅಕ್ಷರವೂ ಕೇಳಿಸಿತು. ನಾನು ಫೋನ್ ಇಟ್ಟೆ.

ನಿಮ್ಮಣ್ಣನ ಬಿಳಿ ಅಂಗಿಗೆ ಗುಂಡಿ ಹೊಲಿಯುತ್ತಾ ಕೂತಿದ್ದೆ. ಸೂಜಿಯಲ್ಲಿ ಇನ್ನೂ ದಾರ ಇತ್ತು. ನಾನು ಆ ಗುಂಡಿಯನ್ನು ಪೂರ್ತಿ ಹೊಲಿದೆ. ಹಿಂದೆ ತಿರುಗಿಸಿ ಗಂಟು ಹಾಕಿದೆ. ದಾರವನ್ನು ಹಲ್ಲಿನಲ್ಲಿ ಕಡಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ, ಉಳಿದ ಗುಂಡಿಗಳೂ ಗಟ್ಟಿಯಾಗಿವೆಯೇ ಎಂದು ಒಂದೊಂದನ್ನೇ ಎಳೆದು ನೋಡಿದೆ. ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಆಮೇಲೆ ಒಳಗೆ ಹೋಗಿ ಸೊಸೆಗೆ ಹೇಳಿದೆ. ಅವಳು ಕಿರುಚಿದ ಮೇಲೆಯೇ ನಾನು ನೆಲಕ್ಕೆ ಕೂತದ್ದು.

ನಿಮ್ಮಣ್ಣ ಪುಟ್ಟಿಯ ಮಣ್ಣಿಗೆ ಆ ಅಂಗಿಯನ್ನೇ ಹಾಕಿಕೊಂಡು ಬಂದಿದ್ದ. ಅವತ್ತಿಡೀ ನಾನು ಆ ಗುಂಡಿಯನ್ನೇ ನೋಡುತ್ತಿದ್ದೆ. ನಾನೆಂಥ ತಾಯಿ ಅನ್ನಿಸಿತು. ಎರಡು ವರ್ಷದಿಂದ ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ನಿನ್ನನ್ನು ಬ್ರೆಡ್ ಯಾಕೆ ತೆಗೆದೆ ಎಂದು ಕೇಳಿದೆನಲ್ಲ, ಆಗಲೂ ಆ ಗುಂಡಿಯೇ ಕಣ್ಣ ಮುಂದೆ ಇತ್ತು.

ನನಗೆ ಬುದ್ಧಿ ಭ್ರಮೆ ಆಗಿರಲಿಲ್ಲ. ಮಗಳು ಸತ್ತಿದ್ದಾಳೆ ಎಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೊಲಿದೆ. ಆ ಜಡ್ಜ್ ನನ್ನನ್ನು ನೋಡಿದ್ದರೆ ಈ ತಾಯಿಯೇ ಸಾಯಿಸಿರಬೇಕು ಎಂದು ಬರೆಯುತ್ತಿದ್ದರೇನೋ.

ಸಹಿ ಹಾಕಬೇಡ. ಅಳಬೇಡ. ನಾನು ಹಾಗೆ ಬರೆದದ್ದನ್ನು ಮರೆತುಬಿಡು. ಗುಂಡಿಯ ವಿಷಯ ಕೋರ್ಟಿನಲ್ಲಿ ಬಂದು ಹೇಳು ಎಂದರೆ ಹೇಳುತ್ತೇನೆ. ನಿಮ್ಮ ವಕೀಲರನ್ನು ಕೇಳು.

ನೀನು ಸುಳ್ಳು ಹೇಳಿಲ್ಲ ಎಂದು ನನಗೆ ಗೊತ್ತು.

ಅಮ್ಮ


ನವೆಂಬರ್ ೬

ಅಮ್ಮ,

ಸೋತೆವು. ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಸಮಾಧಾನವಾಗಿ ಓದುತ್ತೀಯ.

ಗುಂಡಿಯ ವಿಷಯ ವಕೀಲರಿಗೆ ಹೇಳಿದ್ದೆ. ಅವರು ಪೆನ್ನು ಕೆಳಗಿಟ್ಟರು. ಆಮೇಲೆ "ಅದು ದಾಖಲೆಯಲ್ಲಿ ಇಲ್ಲಮ್ಮ" ಅಂದರು. ಮೇಲಿನ ಕೋರ್ಟು ನೋಡುವುದು ಕೆಳಗಿನ ಕೋರ್ಟಿನ ಕಾಗದವನ್ನಂತೆ, ಮನುಷ್ಯರನ್ನಲ್ಲ. ಆಗಲೇ ಸಾಕ್ಷಿ ಹೇಳಿದ ನಾನು ವಿವರಣೆ ಸೇರಿಸಬಹುದಂತೆ, ಹೊಸ ಸಾಕ್ಷಿಯನ್ನು ತರುವಂತಿಲ್ಲವಂತೆ. ನಾನು ಪ್ರಮಾಣಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದಾಗ ಮಾತ್ರ ಮುಖ ಸಿಂಡರಿಸಿಕೊಂಡರು.

ಇಲ್ಲಿ ಇಬ್ಬರು ಜಡ್ಜುಗಳು. ಫ್ಯಾನ್ ಸದ್ದಿಲ್ಲ, ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತದೆ, ಅದೇ ಕಷ್ಟ. ನಮ್ಮ ವಕೀಲರು ಅಪ್ಪನ ಕಾನೂನು, ಸುಟ್ಟುಹೋದ ಬೀದಿ, ಕೈಯ ಅಭ್ಯಾಸ ಎಲ್ಲವನ್ನೂ ಚೆನ್ನಾಗಿ ಹೇಳಿದರು. ಒಬ್ಬ ಜಡ್ಜ್ ತಲೆಯಾಡಿಸುತ್ತಾ ಕೇಳಿಸಿಕೊಂಡರು. ನನಗೆ ಆಸೆ ಹುಟ್ಟಿತು. ಅಷ್ಟರಲ್ಲಿ ಇನ್ನೊಬ್ಬರು, "ಆ ಬ್ರೆಡ್ ಸೀದು ಹೋಗಿದ್ರೆ ಎಷ್ಟು ಲಾಸ್ ಆಗ್ತಿತ್ತು?" ಎಂದು ಕೇಳಿದರು. ಕೋರ್ಟಿನಲ್ಲಿ ಎಲ್ಲರೂ ನಕ್ಕರು. ತಲೆಯಾಡಿಸುತ್ತಿದ್ದವರೂ ನಕ್ಕರು. ನಾನು ಎದ್ದು ನಿಂತೆ. ಏನು ಹೇಳಲು ಎದ್ದೆನೋ ನನಗೇ ಗೊತ್ತಿಲ್ಲ. ಜವಾನ ಬಂದು ಭುಜ ಒತ್ತಿ ಕೂರಿಸಿದ.

ತೀರ್ಪು ಚಿಕ್ಕದು. ಎರಡು ಅಭಿಪ್ರಾಯಕ್ಕೆ ಎಡೆ ಇದ್ದಾಗ ಆರೋಪಿಗೆ ಅನುಕೂಲವಾದದ್ದನ್ನು ಹಿಡಿಯಬೇಕು, ಕೆಳಗಿನ ಕೋರ್ಟು ಹಾಗೆಯೇ ಮಾಡಿದೆ, ಕೈ ಹಾಕುವ ಅಗತ್ಯ ಕಾಣುವುದಿಲ್ಲ. ನಿಯಮ ಕೆಟ್ಟದ್ದಲ್ಲ ಅಮ್ಮ. ತಪ್ಪು ಮಾಡದವನು ಜೈಲಿಗೆ ಹೋಗಬಾರದು ಎಂದೇ ಮಾಡಿದ್ದು. ಆದರೆ ನನ್ನನ್ನು ಯಾರೂ ಕಟಕಟೆಯಲ್ಲಿ ನಿಲ್ಲಿಸಲಿಲ್ಲವಲ್ಲ, ನನ್ನ ಮೇಲೆ ಕೇಸೇ ಇರಲಿಲ್ಲವಲ್ಲ, ನನ್ನ ಮೇಲಿನ ಅನುಮಾನದ ಲಾಭ ಯಾರಿಗೆ ಹೋಯಿತು?

"ಸಹಿ ಹಾಕಿದ್ರೆ ಬೇರೆ ಥರ ಆಗ್ತಿತ್ತೇನೋ" ಎಂದು ವಕೀಲರು ಮೆಟ್ಟಿಲಿಳಿಯುತ್ತಾ ಅಂದರು. ಆಗುತ್ತಿತ್ತೋ ಇಲ್ಲವೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅದು ನನ್ನ ಜೊತೆಯಲ್ಲೇ ಇರುತ್ತದೆ.

ನೀನು ನಂಬಿದೆ, ಅಷ್ಟು ಸಾಕು ಎಂದು ಬರೆದರೆ ನಿನಗೆ ನೆಮ್ಮದಿ ಆಗುತ್ತಿತ್ತು. ಸಾಕಾಗುವುದಿಲ್ಲ ಅಮ್ಮ. ಮೇಷ್ಟ್ರು ಸೋಮವಾರದಿಂದ ಕಾಲೇಜಿಗೆ ಹೋಗುತ್ತಿದ್ದಾರೆ, ನಮ್ಮ ಬೀದಿಯಲ್ಲೇ ಬಸ್ಸು ಹತ್ತುತ್ತಾರೆ. ನಾನು ಭಟ್ಟಿಯ ಮುಂದೆ ನಿಂತು ಹಲ್ಲು ಕಚ್ಚುತ್ತೇನೆ.

ಅಂದಹಾಗೆ, ಗುಂಡಿಯ ಕಾಗದ ಓದಿದ ದಿನ ನಾನು ಅತ್ತೆ. ಹಿಟ್ಟಿನ ಮೂಟೆಯ ಮೇಲೆ ಕೂತು, ಬಿಕ್ಕಿ ಬಿಕ್ಕಿ. ನೋಡಲು ಯಾರೂ ಇರಲಿಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ.

ದೊಡ್ಡವಳು


ನವೆಂಬರ್ ೧೫

ಮಗಳೇ,

ನಾನು ಬರುತ್ತಿದ್ದೇನೆ. ಇರಲು ಬರುತ್ತಿದ್ದೇನೆ, ನೋಡಿಕೊಂಡು ಹೋಗಲು ಅಲ್ಲ. "ಅಲ್ಲಿ ಹೋಗಿ ಕೂತ್ರೆ ಜನ ಏನಂತಾರೆ?" ಎಂದು ನಿಮ್ಮಣ್ಣ ಕೇಳಿದ. "ಜನ ಅನ್ನೋದನ್ನೆಲ್ಲ ಆಗಲೇ ಅಂದು ಮುಗಿಸಿದಾರೆ ಕಣೋ, ಇನ್ನೇನೂ ಉಳಿದಿಲ್ಲ" ಅಂದೆ. ಬಟ್ಟೆ ಕಟ್ಟಿಕೊಂಡಿದ್ದೇನೆ. ಸೂಜಿ ಡಬ್ಬಿಯನ್ನೂ ಇಟ್ಟುಕೊಂಡಿದ್ದೇನೆ.

ಮುಂದಿನ ಅಂಗಡಿಯಲ್ಲಿ ಪುಟ್ಟಿ ನಿಲ್ಲುತ್ತಿದ್ದ ಜಾಗದಲ್ಲಿ ನಾನು ಕೂರುತ್ತೇನೆ. ಚಿಲ್ಲರೆಯನ್ನು ಗಾಜಿನ ಮೇಲೆ ಇಡುವವರು ನನ್ನ ಕೈಗೆ ಕೊಡಲಿ, ನೋಡೋಣ. ಮೇಷ್ಟ್ರು ಬಸ್ಸಿಗೆ ನಿಲ್ಲುವ ಹೊತ್ತಿಗೆ ನಾನು ಬಾಗಿಲಲ್ಲಿ ಇರುತ್ತೇನೆ. ಏನೂ ಅನ್ನುವುದಿಲ್ಲ. ದಿನಾ ನೋಡುತ್ತೇನೆ, ಅಷ್ಟೇ. ನೋಡುವುದಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಡ. ಹಿಟ್ಟಿನ ಧೂಳಿಗೆ ಉಬ್ಬಸ ಬಂದರೆ ಬರಲಿ.

ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ನೀನು ಬರಬೇಡ, ಅದು ನಿನಗೆ ಕೆಲಸದ ಹೊತ್ತು. ದಾರಿ ನನಗೆ ಗೊತ್ತು, ನಡೆದು ಬರುತ್ತೇನೆ.

ನಾನು ಬಾಗಿಲಿಗೆ ಬಂದಾಗ ಒಳಗೆ ಬ್ರೆಡ್ ಇದ್ದರೆ ಮೊದಲು ಅದನ್ನು ತೆಗೆ. ಭಟ್ಟಿಯ ಬಾಗಿಲು ಮುಚ್ಚು. ಆಮೇಲೆ ನನ್ನ ಹತ್ತಿರ ಬಾ. ಅಲ್ಲಿಯವರೆಗೆ ನಾನು ನಿಂತಿರುತ್ತೇನೆ.

ಅಮ್ಮ